ಜಗಳವೇ ಇಲ್ಲದ ಊರು

ಕಾಗದ ಬಂದದ್ದು ಇಂಗ್ಲಿಷಿನಲ್ಲಿ, ಅದನ್ನು ಓದಿ ಅರ್ಥ ಹೇಳಿದವರು ಶ್ರೀಶೈಲಪ್ಪ ಮಾಸ್ತರರು. ಜೈನುದ್ದೀನನ ಫಜೀತಿ ಶುರುವಾದದ್ದೇ ಅಲ್ಲಿಂದ.

ಜೈನುದ್ದೀನ ಸಿಂದಗಿಯಲ್ಲಿ ಕಾಲರಾ ಸೂಜಿ ಹಾಕುವವ. ಹಿಂದಿನ ವರ್ಷ, ಅರವತ್ತನೇ ಇಸವಿಯ ಬೇಸಿಗೆಯಲ್ಲಿ, ಅವನ ತಂಗಿ ಸಗೀರಾ ಅದೇ ಬೇನೆ ಬಂದು ಅವನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದಳು. ನರದೊಳಗೆ ಉಪ್ಪುನೀರು ಬಿಡುವುದು ಗೊತ್ತಿದ್ದವರು ಹತ್ತಿರವಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರರು ಆಮೇಲೆ ಹೇಳಿದ್ದರು. ಆ ಮಾತು ಅವನಿಗೆ ನಿದ್ದೆ ಮಾಡಗೊಟ್ಟಿರಲಿಲ್ಲ. ರೋಗ, ದಂಗೆಗಳ ನಡುವೆ ಕೆಲಸ ಮಾಡುವ ತರುಣರನ್ನು ತನ್ನ ಖರ್ಚಿನಲ್ಲೇ ಒಂದು ವರ್ಷ ಕರೆಸಿಕೊಂಡು ಕಲಿಸುವ ಸಂಸ್ಥೆಯೊಂದು ವಿಲಾಯತಿಯಲ್ಲಿದೆ ಎಂದು ತಿಳಿದದ್ದೇ ಅರ್ಜಿ ಹಾಕಿದ್ದ. ಈಗ ಅವರ ಸಾಹೇಬರೊಬ್ಬರು ಅವನನ್ನು ನೋಡಲು ಸೋಮವಾರ ಸಂಜೆ ಬರುವವರಿದ್ದರು. ಅಂಚೆಯ ಕೃಪೆಯಿಂದ ಕಾಗದ ಕೈಗೆ ಬಂದದ್ದು ಅದೇ ಸೋಮವಾರ ಬೆಳಿಗ್ಗೆ.

"ಶಾಂತಿ ಕೆಲಸ ಅಂತ ಬರದಾರ ನೋಡಪಾ," ಎಂದರು ಮಾಸ್ತರರು, ಕನ್ನಡಕ ಏರಿಸಿ. "ಅಂದ್ರ ಅವರು ಮೊದಲ ಊರು ನೋಡ್ತಾರ. ನಿನ್ನ ಓಣ್ಯಾಗನ ಜಗಳ ಇದ್ರ, ಇಂವ ಪರದೇಶದಾಗ ಏನು ಶಾಂತಿ ಮಾಡ್ಯಾನು ಅಂತ ನಿನ್ನ ಅರ್ಜಿ ಹರದು ಒಗೀತಾರ. ಇವತ್ತೊಂದಿನ ಊರಾಗ ಒಂದು ನಾಯಿ ಸೈತ ಬೊಗಳಬಾರದು."

ಹತ್ತು ಗಂಟೆಗೆ ಮೋಟಾರು ಸ್ಟ್ಯಾಂಡಿನಲ್ಲಿ ಗದ್ದಲವೆದ್ದಿತು. ಇಂಡಿ ಊರಿನ ಬಸ್ಸಿನಿಂದ ಇಳಿದ ಒಬ್ಬ ಅಪರಿಚಿತ ವಾಂತಿ ಮಾಡಿಕೊಂಡು, ಅರ್ಧ ತಾಸಿನಲ್ಲಿ ಅಲ್ಲೇ ಸತ್ತಿದ್ದ. ತಲೆಗೊಂದು ವಸ್ತ್ರ, ಮೈಮೇಲೆ ಅಂಗಿ, ಧೋತರ. ಅವನು ಯಾರು, ಯಾವ ಜಾತಿ ಎಂದು ಹತ್ತಿರ ಹೋಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಡಾಕ್ಟರರು ಮುದ್ದೇಬಿಹಾಳದ ಕಡೆ ಬೇನೆ ಹೆಚ್ಚೆಂದು ಅಲ್ಲಿಗೆ ಹೋಗಿದ್ದರು. ಹೆಣ ಎತ್ತುವ ಕೆಲಸ ಜೈನುದ್ದೀನನ ಪಾಲಿಗೇ ಬಂತು.

ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೆಣವನ್ನು ಕೈಗಾಡಿಗೆ ಹಾಕಿ, ಖಬರಸ್ತಾನದ ಕಡೆ ತಳ್ಳಿದ. ಅವನ ಪಕ್ಕದ ಮನೆಯ ಮೋದಿನಸಾಬ ಗೇಟಿಗೆ ಅಡ್ಡ ನಿಂತಿದ್ದ.

"ಧೋತರ ಕಾಣಸೂದಿಲ್ಲೇನು ನಿನಗ? ಇಂವ ನಮ್ಮಾಂವ ಅಲ್ಲ."

ಗಾಡಿ ತಿರುಗಿಸಿಕೊಂಡು ಊರಾಚೆಯ ರುದ್ರಭೂಮಿಗೆ ಹೋದರೆ ಅಲ್ಲಿ ಅವನ ಎದುರು ಮನೆಯ ಮಡಿವಾಳಪ್ಪ, ಹಿಂದೆ ಹತ್ತು ಜನ.

"ಕೊರಳಾಗ ಲಿಂಗ ಐತೇನು? ಇಲ್ಲಲಾ? ಹಂಗಾರ ನಮ್ಮಾಂವ ಅಲ್ಲ. ಹೊಳ್ಳಿ ಒಯ್ಯಿ."

ಬೇಡದ ಬೀಗರನ್ನು ಮನೆಯಿಂದ ಮನೆಗೆ ಸಾಗಹಾಕುವ ಹಾಗೆ ಹೆಣ ಎರಡು ಸಲ ಊರು ದಾಟಿತು. ಮೂರನೆಯ ಸಲಕ್ಕೆ ಎರಡೂ ಕಡೆಯವರು ಹಳ್ಳದ ಹತ್ತಿರ ಎದುರುಬದುರಾದರು. ನಿಮ್ಮಾಂವ, ಅಲ್ಲ ನಿಮ್ಮಾಂವ ಎಂದು ಶುರುವಾದ ಮಾತು ಬಡಿಗೆಗೆ ಹೋಯಿತು. ಎಲ್ಲಿಂದಲೋ ಬಂದ ಕಲ್ಲು ಮೋದಿನಸಾಬನ ಹಣೆ ಒಡೆಯಿತು. ಬಿಸಿಲಿಗೆ ಹೆಣ ಉಬ್ಬತೊಡಗಿತ್ತು. ನೊಣಗಳು ಮಾತ್ರ ಎರಡೂ ಪಾರ್ಟಿಯಲ್ಲಿ ಭೇದವಿಲ್ಲದೆ ಓಡಾಡುತ್ತಿದ್ದವು.

ಜೈನುದ್ದೀನ ಗಾಡಿ ಬಿಟ್ಟು ಬಡಿಗೆಗಳ ನಡುವೆ ಹೋಗಿ ನಿಂತ. ಒಂದೇಟು ಅವನ ಭುಜಕ್ಕೂ ಬಿತ್ತು.

"ಇಂವ ನನ್ನಾಂವ!" ಎಂದು ಕೂಗಿದ. "ನಮ್ಮ ಮನ್ಯಾಂವ ಅಂತ ತಿಳ್ಕೋರಿ. ಇಲ್ಲೇ ಹಳ್ಳದ ದಂಡ್ಯಾಗ ಸರಕಾರಿ ಜಾಗಾದಾಗ ಹುಗೀತೇನಿ. ಕುಣಿ ತೋಡಾಕ ಎರಡೂ ಕಡಿಯಾವ್ರು ಬರ್ರಿ. ಯಾರು ಸಲಿಕಿ ಹಿಡಿಯೂದಿಲ್ಲೋ ಅವರ ಮನ್ಯಾಗ ಒಬ್ಬರಿಗೂ ನಾ ಸೂಜಿ ಹಾಕೂದಿಲ್ಲ. ನಾಳೆ ನಿಮ್ಮ ಹೆಣಾನೂ ಹಿಂಗ ತಿರುಗ್ಯಾಡ್ತಾವು."

ಬಡಿಗೆಗಳು ಇಳಿದವು. ಮಡಿವಾಳಪ್ಪ ಮೊದಲು ಸಲಿಕೆ ಹಿಡಿದ, ಹಣೆಗೆ ಬಟ್ಟೆ ಸುತ್ತಿಕೊಂಡ ಮೋದಿನಸಾಬ ಮಣ್ಣು ಎತ್ತಿದ. ಸುಣ್ಣ ಸುರಿದು ಕುಣಿ ಮುಚ್ಚಿದ ಮೇಲೆ ಇಬ್ಬರೂ ತಮ್ಮ ತಮ್ಮ ದೇವರಿಗೆ ಮೆಲ್ಲಗೆ ಏನೋ ಹೇಳಿಕೊಂಡರು. ಮೋದಿನಸಾಬ ನೀರು ಕುಡಿದು ತಂಬಿಗೆಯನ್ನು ಮಡಿವಾಳಪ್ಪನ ಕೈಗೆ ಕೊಟ್ಟ.

ಆಗ ಜೈನುದ್ದೀನನಿಗೆ ಸಾಹೇಬರ ನೆನಪಾಯಿತು.

"ಕಾಕಾ, ಚಾಚಾ, ನಿಮ್ಮ ಕಾಲ ಬೀಳ್ತೇನಿ. ಇವತ್ತಿಂದು ಸಾಹೇಬ್ರ ಕಿವಿಗಿ ಬೀಳಬಾರದು. ನನ್ನ ಬಾಳೇದ ಪ್ರಶ್ನೆ ಐತಿ."

"ನಾಲಗಿ ಕಡದ್ರೂ ಹೇಳೂದಿಲ್ಲ ತಮ್ಮಾ," ಎಂದ ಮಡಿವಾಳಪ್ಪ. ಮೋದಿನಸಾಬ ಆಣೆ ಹಾಕಿದ.

ಸಂಜೆ ಪ್ರವಾಸಿ ಬಂಗಲೆಯಲ್ಲಿ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. ಓಣಿಯವರು ಕರೆಯದಿದ್ದರೂ ಬಂದು ಕಂಬಕ್ಕೊಬ್ಬರಂತೆ ನಿಂತಿದ್ದರು.

"ಬೇನೆ ಬಂದ ಊರಲ್ಲಿ ಹೆಣ ಮುಟ್ಟೋಕೆ ಜನ ಹೆದರ್ತಾರೆ, ಗಲಾಟೆ ಆಗತ್ತೆ. ಇಲ್ಲಿ ಹಾಗೇನಾದರೂ ಆಗಿತ್ತಾ?"

"ಇಲ್ಲರಿ."

"ಎರಡು ಕಡೆಯವರು ಹೊಡೆದಾಡುವಾಗ ನೀವು ನಡುವೆ ಹೋಗಿ ನಿಲ್ಲಿಸಿದ್ದುಂಟಾ?"

"ನಮ್ಮೂರಾಗ ಜಗಳನ ಇಲ್ಲರಿ ಸಾಹೇಬ್ರ."

ಕಂಬಗಳೆಲ್ಲ ಒಟ್ಟಿಗೆ ತಲೆಯಾಡಿಸಿದವು. ಸಾಹೇಬರು ನಿಟ್ಟುಸಿರು ಬಿಟ್ಟು ಫೈಲು ಮುಚ್ಚಿದರು.

"ಪುಣ್ಯವಂತರ ಊರು. ಆದರೆ ನಮಗೆ ಬೇಕಾಗಿರೋದು ಜಗಳದ ನಡುವೆ ನಿಂತು ನೋಡಿದವರು. ನಿಮ್ಮ ಡಾಕ್ಟರು ಬಹಳ ಹೊಗಳಿ ಬರೆದಿದ್ದರು, ಅದಕ್ಕೇ ಬಂದೆ. ಏನೂ ಕಂಡಿರದವರನ್ನ ಹೇಗೆ ಕಳಿಸಲಿ?" ಎಂದರು, ಕಂಬಗಳ ಹತ್ತಿರ ನಿಂತವರಿಗೆ ಕೇಳಿಸದಷ್ಟು ಮೆತ್ತಗೆ.

ಜೈನುದ್ದೀನ ಮುಂದೆ ಬಂದು ಕೈಮುಗಿದ. "ತಪ್ಪಾತ್ರಿ! ಸುಳ್ಳ ಹೇಳಿದ್ನಿ! ಇವತ್ತ ಮುಂಜಾನೇನ ಹೆಣದ ಸಲುವಾಗಿ ಬಡದಾಡ್ಯಾರ್ರಿ, ನಾನ ಬಿಡಿಸೇನ್ರಿ. ಚಾಚಾನ ಹಣಿ ನೋಡ್ರಿ!"

ಸಾಹೇಬರು ತಿರುಗಿದರು. "ಹೌದೇನ್ರಿ?"

"ಛೇ ಛೇ," ಎಂದ ಮೋದಿನಸಾಬ. "ನಮ್ಮ ಮನಿ ಬಾಗಲಾ ಗಿಡ್ಡ ಐತ್ರಿ. ಬಡೀತು."

"ಕಾಕಾ, ನೀವರ ಖರೇ ಹೇಳ್ರಿ!"

ಮಡಿವಾಳಪ್ಪ ಬೊಬ್ಬೆಯೆದ್ದ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿದ. "ಹುಡುಗ ಹೆದರಿ ಏನೇನೋ ಮಾತಾಡಾಕತ್ತೈತ್ರಿ. ಈ ಊರಾಗ ಹೆಣಾನೂ ಬಿದ್ದಿಲ್ಲ, ಜಗಳಾನೂ ಆಗಿಲ್ಲ. ಇಂವ ಯಾರ ನಡುವೂ ಬಾಯಿ ಹಾಕಾಂವಲ್ರಿ. ಭಾಳ ಸಾಧು."

ಸಾಹೇಬರು ಫೈಲನ್ನು ಮತ್ತೆ ತೆರೆದು ಎರಡೇ ಸಾಲು ಬರೆದರು. ಈ ಸಲ ಅವರ ಮುಖದಲ್ಲಿ ಮೊದಲಿನ ಮೆತ್ತಗಿನ ಭಾವ ಇರಲಿಲ್ಲ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಮೋದಿನಸಾಬ ಮತ್ತು ಮಡಿವಾಳಪ್ಪ ಹೆಗಲ ಮೇಲೆ ಕೈ ಹಾಕಿಕೊಂಡು ಮೆಟ್ಟಿಲಿಳಿದು ಬಂದರು.

"ಕಡೀಕ ನೀನ ಹೆದರಿ ಬಾಯಿ ಬಿಟ್ಟಿ. ನಾವು ಬಿಡಲಿಲ್ಲ ನೋಡು," ಎಂದ ಮಡಿವಾಳಪ್ಪ. "ಹಡಗಾ ಯಾವತ್ತೈತಿ? ಎಲ್ಲಾರೂ ಕೂಡೇ ಕಳಸಾಕ ಬರ್ತೇವಿ."

ಜೈನುದ್ದೀನ ಮೆಟ್ಟಿಲ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಸಂತೋಷ ತಡೆಯಲಾರದೆ ಅಳುತ್ತಿದ್ದಾನೆ ಎಂದುಕೊಂಡು ಇಬ್ಬರೂ ಎರಡು ಬದಿಗೆ ಕೂತು ಅವನ ಬೆನ್ನು ಸವರಿದರು.