ಅರ್ಧ ಕಪ್ಪಿನ ವ್ಯಕ್ತಿತ್ವ ವಿಕಸನ

ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಯಾರೂ ತಾವಾಗಿ ಹೋಗುವುದಿಲ್ಲ. ಹೋಗಿ ಬಂದವರು ಕಳಿಸುತ್ತಾರೆ. ನನಗಂತೂ ವಿಕಸಿಸಲು ವ್ಯಕ್ತಿತ್ವವೇ ಇರಲಿಲ್ಲ. ಯಾರು ಏನೇ ಹೇಳಲಿ, ಬಾಯಿಂದ ‘ಹೂಂ’ ಒಂದೇ ಹೊರಡುತ್ತಿತ್ತು. ‘ಒಲ್ಲೆ’ ಎಂಬುದು ಗಂಟಲವರೆಗೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಬೆಳಗಾವಿಯ ಒಂದು ಆಫೀಸಿನಲ್ಲಿ ಗುಮಾಸ್ತ. ಹೆಂಡತಿ ಸುಮಂಗಲಾ ಬಾಣಂತನಕ್ಕೆ ತವರುಮನೆ ಖಾನಾಪುರಕ್ಕೆ ಹೋಗಿದ್ದಳು. ಹೆಣ್ಣುಕೂಸು ಹುಟ್ಟಿ ಇಪ್ಪತ್ತು ದಿನವಾದರೂ ನಾನಿನ್ನೂ ಅದರ ಮಾರಿ ನೋಡಿರಲಿಲ್ಲ. ಖಾನಾಪುರವೇನು ಕಾಶಿಯೇ? ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಗೂ ಸಾಲದ ದೂರ! ಆದರೆ ಪ್ರತಿ ಶನಿವಾರ ಮಧ್ಯಾಹ್ನ ಬಾಜೂ ಟೇಬಲ್ಲಿನ ಬಸಲಿಂಗಪ್ಪ ತನ್ನ ಫೈಲುಗಳನ್ನು ನನ್ನ ಮುಂದೆ ಪೇರಿಸಿ, “ಇಷ್ಟ ಮುಗಿಸಿಬಿಡ್ರಿ, ನೀವಂದ್ರ ದೇವರಂಥಾ ಮನಷ್ಯಾ” ಎಂದು ಹೊರಟುಬಿಡುತ್ತಿದ್ದ. ದೇವರು ರವಿವಾರ ಸಂಜೆಯವರೆಗೂ ಫೈಲು ಬರೆಯುತ್ತ ಕೂತಿರುತ್ತಿದ್ದ.

ಇಂಥ ಬಸಲಿಂಗಪ್ಪ ಒಮ್ಮೆ ಶಿಬಿರಕ್ಕೆ ಹೋಗಿ ಬಂದ. “ಬೇಕಾದ್ದನ್ನ ಕೇಳಾಕ ನಾಚಬಾರದು ಅಂತ ಕಲಿಸಿದ್ರರೀ!” ಎಂದ. ಅದನ್ನು ಇವನಿಗೆ ಕಲಿಸುವ ಗರಜೇನಿತ್ತೋ! “ನೀವೂ ಹೋಗ್ರಿ. ಒಲ್ಲೆ ಅನ್ನೂದನ್ನೂ ಕಲಸ್ತಾರ. ಈ ಶನಿವಾರ, ರವಿವಾರ ಐತಿ.” ಅದೇ ಶನಿವಾರ ಏನಾದರಾಗಲಿ ಖಾನಾಪುರಕ್ಕೆ ಹೋಗಿಯೇ ತೀರಬೇಕೆಂದಿದ್ದೆ. ಆದರೆ ಒಲ್ಲೆ ಎನ್ನಲು ಬರುವಂತಿದ್ದರೆ ಶಿಬಿರವೇ ಬೇಕಿರಲಿಲ್ಲವಲ್ಲ. ಹೋದೆ.

ಪುಣೆಯಿಂದ ಬಂದಿದ್ದ ಸೂಟಿನ ಗುರುಗಳು ನಮ್ಮನ್ನು ಜೋಡಿ ಜೋಡಿಯಾಗಿ ಕೂಡಿಸಿದರು. ಒಬ್ಬರು ಚಹಾಕ್ಕೆ ಕರೆಯಬೇಕು, ಇನ್ನೊಬ್ಬರು ಅವರ ಕಣ್ಣಲ್ಲಿ ಕಣ್ಣಿಟ್ಟು ನಿರಾಕರಿಸಬೇಕು. ನನ್ನ ಪಾಲಿಗೆ ಬಂದವರು ಕೋಟೆಯ ಹತ್ತಿರ ಛತ್ರಿ ಅಂಗಡಿ ಇಟ್ಟಿದ್ದ ಖಾದರಸಾಬರು. “ಬರ್ರಿ ಸಾಹೇಬ್ರ, ಚಾ ಕುಡಿಯೂಣು” ಎಂದರು. ಕಣ್ಣು ನೋಡಿದೆ. ಅಯ್ಯೋ, ಎಂಥ ಪ್ರೀತಿಯ ಕಣ್ಣು! “ಅರ್ಧಾ ಕಪ್ ಸಾಕ್ರಿ” ಅಂದುಬಿಟ್ಟೆ. ನಾಚಿಕೆಯಿಂದ ಸುತ್ತ ನೋಡಿದರೆ ಇಡೀ ಸಭಾಗೃಹ ಅರ್ಧರ್ಧ ಕಪ್ಪಿಗೆ ಒಪ್ಪಿಕೊಳ್ಳುತ್ತಿತ್ತು! ಚಹಾ ಒಲ್ಲೆ ಎಂದು ಮಾರಿಗೆ ಹೊಡೆದಂತೆ ಹೇಳುವವನು ನಮ್ಮೂರಿನಲ್ಲಿ ಇನ್ನೂ ಹುಟ್ಟಬೇಕು. ಗುರುಗಳು ಹಣೆ ಚಚ್ಚಿಕೊಂಡರು. ಖಾದರಸಾಬರಿಗೆ ಕನಿಕರ ಬಂದು “ನೀವೂ ಬರ್ರಿ ಸರ್” ಎಂದರು. ಗುರುಗಳು ಗಡಿಯಾರ ನೋಡಿಕೊಂಡು “ಥೋಡಾ, ಅರ್ಧಾ ಕಪ್” ಎಂದರು. ಮರುದಿನ ನಮ್ಮನ್ನು ಕನ್ನಡಿಯ ಮುಂದೆ ನಿಲ್ಲಿಸಿ ನೂರು ಸಲ “ಆಗೂದಿಲ್ಲ” ಅನ್ನಿಸಿದರು. ಕನ್ನಡಿ ಚಹಾಕ್ಕೆ ಕರೆಯುವುದಿಲ್ಲವಾದ್ದರಿಂದ ನಾನು ಪಾಸಾದೆ.

ಮುಂದಿನ ಶನಿವಾರ ಫೈಲುಗಳು ಬಂದವು. ಕಣ್ಣು ಮುಚ್ಚಿ “ಆಗೂದಿಲ್ಲ!” ಎಂದು ಚೀರಿದೆ. ಬಸಲಿಂಗಪ್ಪ ಫೈಲು ಕೆಳಗಿಟ್ಟ. ಆಮೇಲೆ ನನ್ನನ್ನು ತಬ್ಬಿಕೊಂಡು, “ನೋಡ್ರೆಪಾ ಶಿಬಿರದ ತಾಕತ್ತು! ನಾನ ಕಳಿಸಿದ್ದೆ ಇವರನ್ನ!” ಎಂದು ಆಫೀಸಿಗೆಲ್ಲ ಸಾರಿ, ಫೈಲುಗಳನ್ನು ಆಚೆ ಟೇಬಲ್ಲಿಗೆ ಒಯ್ದ. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ.

ಖಾನಾಪುರದಲ್ಲಿ ಕೂಸು ನನ್ನ ಬೆರಳು ಹಿಡಿಯಿತು. ಖುಷಿಗೆ ಗಳಗಳನೆ ಅತ್ತುಬಿಟ್ಟೆ. “ಇಷ್ಟ ದಿನಾ ಎಲ್ಲಿದ್ರಿ?” ಎಂದಳು ಸುಮಂಗಲಾ. ಶಿಬಿರವನ್ನು ಹೊಗಳತೊಡಗಿದೆ. ನೂರು ಸಲ ಕನ್ನಡಿಯ ಮುಂದೆ ಅರಚಿ ಬಂದವನು ಹೊಗಳದಿದ್ದರೆ ಮಂಗ್ಯಾ ಆಗುವವನು ಯಾರು? “ನೀನೂ ಕಲತಕೋ. ಕಣ್ಣಾಗ ಕಣ್ಣಿಡಬೇಕು, ನಗಬಾರದು, ಕಾರಣಾ ಹೇಳಬಾರದು” ಎಂದು ಅಲ್ಲೇ ಪಾಠ ಮಾಡಿದೆ. ಅವಳು ಲಕ್ಷ್ಯಗೊಟ್ಟು ಕೇಳಿದಳು.

ರವಿವಾರ ಸಂಜೆ ಹೊರಡುವಾಗ ಕೂಸನ್ನು ಕೆಳಗಿಳಿಸಲು ಮನಸ್ಸೇ ಬರಲಿಲ್ಲ. “ಕೂಸಿನ್ನ ಬಿಟ್ಟಿರಾಕ ಆಗವಲ್ದು. ಮುಂದಿನ ವಾರ ನಿಮ್ಮಿಬ್ಬರನ್ನೂ ಕರಕೊಂಡ ಹೋಗ್ಲೇನ?” ಎಂದೆ.

ಸುಮಂಗಲಾ ಕಣ್ಣಲ್ಲಿ ಕಣ್ಣಿಟ್ಟಳು. ನಗಲಿಲ್ಲ. ಕಾರಣ ಹೇಳಲಿಲ್ಲ.

“ಆಗೂದಿಲ್ಲ.”

ಐದು ತಿಂಗಳು ಪ್ರತಿ ಶನಿವಾರ ಖಾನಾಪುರದ ಬಸ್ಸು ಹತ್ತಿದೆ. ಬಾಜೂ ಕೂತವರಿಗೆಲ್ಲ “ಒಮ್ಮೆ ಹೋಗಿ ಬರ್ರಿ, ಜನ್ಮ ಬದಲಾಗ್ತೈತಿ” ಎಂದು ಶಿಬಿರದ ವಿಳಾಸ ಬರೆದುಕೊಟ್ಟೆ. ನಾನೊಬ್ಬನೇ ಯಾಕೆ ವಿಕಸಿಸಬೇಕು?