ಮಿಲ್ ವೃತ್ತದ ಎರಡು ಪಾದಗಳಿಗೆ

ಮಾನ್ಯ ಬಲಪಾದದವರೇ, ಮಾನ್ಯ ಎಡಪಾದದವರೇ,

ದಾವಣಗೆರೆಯ ಹಳೇ ಮಿಲ್ ವೃತ್ತದ ನಟ್ಟನಡುವೆ, ಹಿಮ್ಮಡಿಯಿಂದ ಶುರುವಾಗಿ ಕಣಕಾಲಿಗೇ ಮುಗಿದುಹೋಗಿ, ಮೇಲೆ ಬರೀ ಆಕಾಶವನ್ನು ಹೊತ್ತು ನಿಂತಿರುವ ಕಪ್ಪುಕಲ್ಲಿನ ಜೋಡಿಗೆ ನಾಟಕದ ಕರಿಬಸವರಾಜನ ಸಾಷ್ಟಾಂಗ ನಮಸ್ಕಾರಗಳು. ಇಷ್ಟು ವರ್ಷ ಬರೆದ ಅರ್ಜಿಗಳನ್ನೆಲ್ಲ ಸಾಹೇಬರ ಪಾದಗಳಿಗೆ ನಮಿಸಿಯೇ ಆರಂಭಿಸಿದವನು ನಾನು. ಈ ಸಲ ಅರ್ಜಿ ನೇರವಾಗಿ ಪಾದಗಳಿಗೇ ಹೋಗುತ್ತಿರುವುದರಿಂದ ನಡುವೆ ಸಾಹೇಬರ ಕಾಟವಿಲ್ಲ. ತಮ್ಮ ಕಣ್ಣು ಕಿವಿಗಳು ಇನ್ನೂ ಹರಿಹರದ ಶೆಡ್ಡಿನಲ್ಲಿ ತಾಡಪತ್ರಿಯ ಕೆಳಗಿರುವ ಕಾರಣ, ಕಾಲಿಗೆ ಬಿದ್ದ ಭಕ್ತರಲ್ಲೊಬ್ಬರು ಇದನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿ ಕೋರಿಕೆ.

ತಮ್ಮ ಜನ್ಮವೃತ್ತಾಂತ ಹೀಗಿದೆ. ವ್ಯಾಪಾರವೆಲ್ಲ ನೆಲಕಚ್ಚಿ, ಮಂಡಕ್ಕಿ ಅಂಗಡಿಯಲ್ಲಿ ಒಂದು ಮಿರ್ಚಿಯನ್ನು ಇಬ್ಬರು ಮುರಿದು ತಿನ್ನುವ, ನಾಟಕದ ಟೆಂಟಿನಲ್ಲಿ ನೋಡುವವರಿಗಿಂತ ಕುಣಿಯುವವರೇ ಹೆಚ್ಚಾದ ಹೊತ್ತಿನಲ್ಲಿ, ಘನ ಸರ್ಕಾರವು ಕಲಾವಿದರ ಕೈಗೆ ಕೆಲಸ ಕೊಡಲು 'ಕಲಾ ಸಂಜೀವಿನಿ' ಎಂಬ ಯೋಜನೆಯನ್ನು ದಯಪಾಲಿಸಿತು. ಹರಿಹರದ ಶಿಲ್ಪಿ ರುದ್ರಮುನಿಗೆ ಮಿಲ್ ಕಾರ್ಮಿಕ ಮಹಿಳೆಯ ಹದಿನೆಂಟಡಿ ಪ್ರತಿಮೆ ಕೆತ್ತುವ ಕೆಲಸ. ಮೈಕು ಬೇಡದ ಗಂಟಲೆಂಬ ಅರ್ಹತೆಯ ಮೇಲೆ ನನಗೆ ಅದರ ಪಕ್ಕ ನಿಂತು ಜನರಿಗೆ ಕಲೆಯನ್ನು ವಿವರಿಸುವ ಕೆಲಸ.

ಮಾದರಿಯಾಗಿ ನಿಂತವರು ಹಂಪವ್ವಜ್ಜಿ. ಈಗ ಮುಚ್ಚಿಹೋಗಿರುವ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ನೂಲು ಸುತ್ತಿದ ಅವರನ್ನು ಗೇಟಿನಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ, ಹಿತ್ತಾಳೆ ಬಿಲ್ಲೆಯ ನಂಬರಿನಿಂದಲೇ ಕೂಗಿದರು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕಂಡು 'ಅಗೋ, ನಮ್ಮ ಹಂಪವ್ವ' ಎನ್ನಲಿ ಎಂಬ ಒಂದೇ ಆಸೆಗೆ ಎಪ್ಪತ್ತೆರಡರ ವಯಸ್ಸಿನಲ್ಲಿ ಇಪ್ಪತ್ತು ದಿನ ಅಲುಗದೆ ನಿಂತರು. ಎಡಪಾದದವರೇ, ತಮ್ಮ ಕಿರುಬೆರಳು ಸೊಟ್ಟಗಿದೆಯಲ್ಲ, ಅದು ಅವರದೇ. ಮಿಲ್ಲಿನಲ್ಲಿ ನೂಲಿನ ಬಾಬಿನ್ ತುಂಬಿದ ಗಾಡಿ ಅದರ ಮೇಲೆ ಹರಿದದ್ದು.

ಪ್ರಗತಿಯು ಕೆಳಗಿನಿಂದ ಮೇಲಕ್ಕೆ ಕಾಣಬೇಕು, ಹಂತಹಂತಕ್ಕೂ ಫೋಟೋ ಬೇಕು ಎಂದು ಇಲಾಖೆ ಅಪ್ಪಣೆ ಮಾಡಿದ್ದರಿಂದ ಮೊದಲು ತಾವಿಬ್ಬರು ಆಗಮಿಸಿದಿರಿ, ಫೋಟೋ ತೆಗೆಸಿಕೊಂಡಿರಿ, ಆ ವಾರವೇ ಅನುದಾನ ಮುಗಿದು, ಕೆತ್ತಿಟ್ಟ ಮೈಯೂ ತಲೆಯೂ ಹರಿಹರದ ಶೆಡ್ಡಿನಲ್ಲೇ ಉಳಿದವು. ಇಲಾಖೆಯ ಸಾಹೇಬರದೇ ಪ್ರತಿಮೆಯಾಗಿದ್ದರೆ ನಾವು ಹೊಟ್ಟೆಯಿಂದಲೇ ಆರಂಭಿಸುತ್ತಿದ್ದೆವು. ಎಲ್ಲಿ ನಿಂತರೂ ಗುರುತು ಸಿಗುತ್ತಿತ್ತು.

ಮುಂದಿನ ತಪ್ಪು ನನ್ನದು. ಬಣ್ಣದ ಪೆಟ್ಟಿಗೆಯ ಪಕ್ಕ ಹುಟ್ಟಿದವನಿಗೆ ರಂಗಪೂಜೆಯಿಲ್ಲದೆ ಯಾವ ಕೆಲಸವನ್ನೂ ಶುರುಮಾಡಿ ಅಭ್ಯಾಸವಿಲ್ಲ. ತಮ್ಮನ್ನು ಕ್ರೇನಿನಿಂದ ಇಳಿಸಿದ ಬೆಳಿಗ್ಗೆ ಕರ್ಪೂರ ಹಚ್ಚಿ, ಕಾಯಿ ಒಡೆದು, ನಾಲ್ಕೂ ರಸ್ತೆಗೆ ಕೇಳುವಂತೆ 'ಬಹುಪರಾಕ್!' ಎಂದು ಅಬ್ಬರಿಸಿದೆ. ದೊಡ್ಡ ಪಾತ್ರ ಬರುವ ಮುನ್ನ ಹಾಗೆ ಕೂಗುವುದು ನಮ್ಮ ವಾಡಿಕೆ. ಪಾತ್ರ ಬರಲಿಲ್ಲ, ಪರಾಕು ಉಳಿಯಿತು. ಮರುದಿನ ಮೂರು ಕಾಯಿ ಒಡೆದಿದ್ದವು, ವಾರಕ್ಕೆ ಶಾಮಿಯಾನ, ತಿಂಗಳಿಗೆ ಹುಂಡಿ ಮತ್ತು ಸಮಿತಿ. ಸೊಟ್ಟ ಬೆರಳು ಮುಟ್ಟಿದರೆ ಸೊಟ್ಟಗಾದ ವ್ಯವಹಾರ ನೆಟ್ಟಗಾಗುತ್ತದೆಂದು ಹದಡಿ, ಕೊಂಡಜ್ಜಿ ಊರುಗಳಿಂದಲೂ ಜನ ಬಂದರು. ಇಡೀ ಯೋಜನೆಯಲ್ಲಿ ಕಾಯಂ ಕೆಲಸ ಸಿಕ್ಕಿದ್ದು ತಮ್ಮ ಪೂಜಾರಿಗೆ ಮಾತ್ರ.

ಹಂಪವ್ವಜ್ಜಿ ತಮ್ಮನ್ನು ನೋಡಲು ಬಂದ ದಿನ ಸಮಿತಿಯ ಆಶಾರಾಣಿಯವರು ಚಪ್ಪಲಿ ದೂರ ಬಿಡಿಸಿ, ಸಾಲಿನಲ್ಲಿ ಒಂದು ಗಂಟೆ ನಿಲ್ಲಿಸಿ, ಕೊನೆಗೆ "ಬೀಳ್ರಿ ಅಜ್ಜಿ, ಹಿಂದೆ ಜನ ಅದಾರೆ" ಎಂದರು. ಅಜ್ಜಿ ತಮ್ಮನ್ನೂ ಕೆಳಗಿನ ಸ್ವಂತ ಪಾದಗಳನ್ನೂ ಒಮ್ಮೆ ನೋಡಿದರು.

"ನನ್ ಕಾಲಿಗೆ ನಾನೇ ಬೀಳ್ಬೇಕೇನವ್ವ? ಈ ಬೆರಳ ಮ್ಯಾಲೆ ಗಾಡಿ ಹತ್ತಿದಾಗ ಒಬ್ರೂ ಕೈ ಮುಗಿಲಿಲ್ಲ ಬಿಡು."

ಬಿಸಿಲಿಗೆ ಅಜ್ಜಿಯ ತಲೆ ಕೆಟ್ಟಿದೆಯೆಂದು ಯಾರೋ ನೀರು ಕುಡಿಸಿ ಬಸ್ಸು ಹತ್ತಿಸಿದರು.

ಈಗ ಇಲಾಖೆಯ ಹೊಸ ಆದೇಶ ಬಂದಿದೆ. ಸಾರ್ವಜನಿಕರು ಕೃತಿಯನ್ನು ಇದ್ದಷ್ಟಕ್ಕೇ ಒಪ್ಪಿಕೊಂಡಿರುವುದರಿಂದ ಅದು ಸಂಪೂರ್ಣಗೊಂಡಿದೆಯಂತೆ. ಉಳಿದ ಕಲ್ಲು ವ್ಯರ್ಥವಾಗಬಾರದೆಂದು ಸೋಮವಾರ ಶೆಡ್ಡಿನಲ್ಲೇ ಸೀಳಿಸಿ ಸಮಿತಿ ತಮಗೆ ಕಟ್ಟಿಸುತ್ತಿರುವ ಮಂಟಪಕ್ಕೆ ಮೆಟ್ಟಿಲು ಮಾಡಿಸುತ್ತಾರಂತೆ. ತಲೆಯ ಕಲ್ಲು ದೊಡ್ಡದು, ಮೊದಲ ಮೆಟ್ಟಿಲು ಅದರದೇ. ಹಂಪವ್ವನ ಮುಖ ಮೆಟ್ಟಿ ಹಂಪವ್ವನ ಪಾದ ಮುಟ್ಟುವ ಈ ಏರ್ಪಾಡನ್ನು ಯೋಚಿಸಿದ ತಲೆ ಯಾರದೇ ಇರಲಿ, ಅದಕ್ಕೊಂದು ಪ್ರತಿಮೆಯಾಗಲೇಬೇಕು.

ಆದ್ದರಿಂದ ಪೂಜ್ಯರಲ್ಲಿ ಒಂದು ಸಣ್ಣ ವಿನಂತಿ. ದೇಹವನ್ನು ತಮ್ಮ ಬಳಿಗೆ ತರಲು ಸರ್ಕಾರದ ಬಳಿ ಈಗ ಕ್ರೇನಿನ ಬಾಡಿಗೆಗೆ ಹಣವಿಲ್ಲ. ತಾವೇ ದಯಮಾಡಿ ಸೋಮವಾರದೊಳಗೆ ಹರಿಹರಕ್ಕೆ ನಡೆದು ಬರಬೇಕು. ಬೇರೆಯವರಿಗಾದರೆ ಇದನ್ನು ಹೇಳುತ್ತಿರಲಿಲ್ಲ, ಆದರೆ ನಡೆಯುವುದು ತಮಗೆ ಹೊಸದಲ್ಲ. ಮೂವತ್ತೊಂದು ವರ್ಷ ಪಾಳಿಯ ಸೈರನ್ನಿಗೆ ಒಂದು ನಿಮಿಷ ತಡಮಾಡದೆ ನಡೆದ ಪಾದಗಳು ತಾವು. ಹಳೇ ಪಿ.ಬಿ. ರಸ್ತೆ ಹಿಡಿದರೆ ದಾರಿ ತಪ್ಪುವುದಿಲ್ಲ. ಹುಂಡಿಯನ್ನು ಅಲ್ಲೇ ಬಿಟ್ಟು ಬನ್ನಿ, ಸಮಿತಿಯವರು ಹುಡುಕಿಕೊಂಡು ಬರುವುದಿಲ್ಲ.

ಹೆಚ್ಚು ಬರೆಯಲು ತಮ್ಮ ಮುಂದೆ ಬಾಗಿದ ಬೆನ್ನು ಒಪ್ಪುತ್ತಿಲ್ಲ.

ತಮ್ಮ ವಿಶ್ವಾಸಿ,
ಕರಿಬಸವರಾಜ
(ಪರಾಕು ಕೂಗಿ ಕೆಟ್ಟವನು)

ತಾ.ಕ.: ಪ್ರಯಾಣ ಆಗದಿದ್ದರೆ ಸಂಕೋಚ ಬೇಡ. ಸೋಮವಾರ ಒಂಬತ್ತು ಗಂಟೆಯ ಬಸ್ಸಿಗೆ ತಮ್ಮ ಉಳಿದ ಭಾಗವೇ ಜೀವಂತವಾಗಿ ಬಂದು ತಮ್ಮ ಮೇಲೆ ಹತ್ತಿ ನಿಲ್ಲಲಿದೆ. ರುದ್ರಮುನಿ ಏಣಿ ಹಿಡಿಯುತ್ತಾನೆ, ಪರಾಕು ನನ್ನದು, ಈ ಸಲ ಹೆಸರು ಹಿಡಿದು. ಹಂಪವ್ವಜ್ಜಿ ಒಂದು ಮಾತು ಹೇಳಿ ಕಳಿಸಿದ್ದಾರೆ: ಚಪ್ಪಲಿ ಬಿಡುವುದಿಲ್ಲವಂತೆ.