ಕ್ಯಾಮೆರಾಗೆ ಹೊದಿಸಿದ ಹಳೇ ಸೀರೆ

ವಯಸ್ಸಾದರೆ ನಾಚಿಕೆ ತಾನಾಗಿ ಹೋಗುತ್ತದೆ ಎಂದು ಯಾರೋ ನನಗೆ ಸುಳ್ಳು ಹೇಳಿದ್ದರು. ಕೂದಲು ಹೋಯಿತು, ಹಲ್ಲು ಹೋಯಿತು, ನಾಚಿಕೆ ಮಾತ್ರ ಬಾಡಿಗೆ ಮನೆ ಬಿಡದವರ ಹಾಗೆ ಒಳಗೇ ಕೂತಿದೆ. ಮಕ್ಕಳೇ, ನಿಮ್ಮ ಅಪ್ಪನ ಮದುವೆ ಆಲ್ಬಮ್ಮಿನಲ್ಲಿ ಅಜ್ಜಿ ಎಲ್ಲಿ ಎಂದು ನೀವು ಹುಡುಕಿದ್ದಿರಲ್ಲ, ಕಂಬದ ಹಿಂದೆ ಅರ್ಧ ಮೊಣಕೈ ಕಾಣುತ್ತದೆ, ಅದೇ ನಾನು. ನಿಮ್ಮ ತಾತ ಇದ್ದಾಗ, ‘ಇವಳ ವೋಟರ್ ಕಾರ್ಡಲ್ಲೂ ಸೆರಗೇ ಕಾಣ್ತೈತೆ’ ಎಂದು ಬಂದವರ ಮುಂದೆಲ್ಲ ನಗುತ್ತಿದ್ದರು. ಅಂಥ ನಾನು ಇಡೀ ಬೀದಿಯ ಮುಂದೆ ಎದ್ದು ನಿಂತು ಮಾತಾಡಿದ್ದು ಹೇಗೆ ಎಂದು ನೀವು ಫೋನಿನಲ್ಲಿ ಕೇಳುತ್ತಲೇ ಇದ್ದೀರಿ. ಫೋನಿನಲ್ಲಿ ಹೇಳಲು ನನಗೆ ಆಗದು. ಆದ್ದರಿಂದ ಕುಂದುರ್ಪಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ನಂಬಿಕೊಂಡು ಬರೆಯುತ್ತಿದ್ದೇನೆ.

ಮೊದಲು ಒಂದು ಗುಟ್ಟು ಹೇಳಬೇಕು. ಹಿಂದೂಪುರದ ನಮ್ಮ ಬೀದಿ ನಿಮಗೆ ಗೊತ್ತು. ಬೆಳಿಗ್ಗೆ ಹಾಲಿನವರು, ಹುಣಸೆಹಣ್ಣಿನ ಗಾಡಿಯವರು, ಸ್ಕೂಲಿನ ಆಟೋ, ಎಲ್ಲ ಮುಗಿದು ಮಧ್ಯಾಹ್ನ ಊಟವಾದ ಮೇಲೆ ಇಡೀ ಬೀದಿ ಮಲಗಿಬಿಡುತ್ತದೆ. ಮಗ್ಗಗಳೂ ನಿಲ್ಲುತ್ತವೆ, ನಾಯಿಗಳೂ ಮಲಗುತ್ತವೆ. ಹಿಂದಿನ ಸಂಜೆ ಬೀದಿಯ ಮಕ್ಕಳು ನಮ್ಮ ಜಗಲಿಯ ಮುಂದೆ ಗೀಚಿದ ಕುಂಟಾಬಿಲ್ಲೆಯ ಚೌಕಗಳು ಮಾತ್ರ ಬಿಸಿಲಲ್ಲಿ ಎಚ್ಚರವಾಗಿರುತ್ತವೆ. ಆಗ ನಾನು ಬಾಗಿಲು ತೆರೆದು ಆ ಕಡೆ ಈ ಕಡೆ ನೋಡುತ್ತೇನೆ. ಸೆರಗು ಸಿಕ್ಕಿಸಿಕೊಂಡು, ಹೆಂಚಿನ ಚೂರು ಎಸೆದು, ಒಂಟಿ ಕಾಲಲ್ಲಿ ಒಂದಾಟ ಆಡಿ ಬರುತ್ತೇನೆ. ಹೌದು, ನಾನೇ. ಮಂಡಿ ನೋವಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ, ಕುಂಟಲು ಹೇಳಿಲ್ಲ, ಅದು ನನಗೂ ಗೊತ್ತು. ಆದರೆ ಹಳ್ಳಿಯಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ಕೊನೆಯ ಚೌಕ ದಾಟಿ ಎರಡು ಕಾಲೂ ಊರಿ ನಿಂತಾಗ ಆಗುವ ಸಮಾಧಾನ ಯಾವ ಗುಳಿಗೆಯಲ್ಲೂ ಇಲ್ಲ. ನಿಮ್ಮ ತಾತ ಹೋದ ಮೇಲೆ ದಿನದಲ್ಲಿ ನನಗಾಗಿ ಅಂತ ಉಳಿದದ್ದು ಅದೊಂದೇ ಗಳಿಗೆ. ಸೊಸೆ ಸುಮಳಿಗೂ, ಅದೇ ನಿಮ್ಮ ಚಿಕ್ಕಮ್ಮನಿಗೂ, ಇದು ಗೊತ್ತಿರಲಿಲ್ಲ.

ಹೀಗಿರುವಾಗ ಎದುರು ಮನೆಯ ಚೌಡಪ್ಪನ ಬೈಕಿನಿಂದ ಯಾರೋ ಪೆಟ್ರೋಲು ಕದ್ದರು. ಚೌಡಪ್ಪ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಟಿಕೆಟ್ಟಿಲ್ಲದವರನ್ನು ಹಿಡಿಯುವ ಚಪಲ ರಿಟೈರಾದರೂ ಹೋಗಿಲ್ಲ. ಬೀದಿಯ ಸಂಘಕ್ಕೆ ಅವನೇ ಅಧ್ಯಕ್ಷ. ವಾರ ಕಳೆಯುವುದರೊಳಗೆ ಅವನ ಮನೆ ಪಕ್ಕದ ಕಂಬಕ್ಕೆ ಒಂದು ಸಿಸಿ ಕ್ಯಾಮೆರಾ ಬಂತು. ಅದರ ಮೂತಿ ನೆಟ್ಟಗೆ ನಮ್ಮ ಜಗಲಿಗೆ. ಅದು ಕಂಡದ್ದೆಲ್ಲ ಬೀದಿಯ ಪ್ರತಿ ಮನೆಯ ಫೋನಿನಲ್ಲೂ ಕಾಣುವಂತೆ ಮಾಡಿಕೊಟ್ಟ, ಪುಣ್ಯಾತ್ಮ.

ಆಮೇಲೆ ಶುರುವಾಯಿತು. ನೀರಿನ ನಲ್ಲಿಯ ಹತ್ತಿರ ನಿಂತರೆ, ‘ನಿಮ್ಮತ್ತೆ ನಿನ್ನೆ ಎರಡೆರಡು ಸಲ ಬಾಗಿಲಿಗೆ ಬಂದು ಒಳಗೋದ್ರಲ್ಲ, ಯಾಕೆ?’ ಎಂದು ಸುಮಳನ್ನು ಕೇಳುವವರು. ಮೂಲೆಮನೆಯ ಹುಡುಗಿಯನ್ನು ನೋಡಲು ಗಂಡಿನವರು ಬಂದದ್ದು, ಉಪ್ಪಿಟ್ಟು ತಿನ್ನುವ ಮೊದಲೇ ಬೀದಿಗೆಲ್ಲ ಗೊತ್ತು. ಅವರು ಬೇಡವೆಂದು ಎದ್ದು ಹೋದ ಮುಖವೂ ಎಲ್ಲರ ಫೋನಿನಲ್ಲಿ. ಟೀವಿ ಸೀರಿಯಲ್ ನೋಡುವುದನ್ನು ಬಿಟ್ಟು ನಮ್ಮವರು ಬೀದಿ ನೋಡತೊಡಗಿದರು. ಕಳ್ಳ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ನನ್ನ ಆಟ ನಿಂತಿತು. ಮಧ್ಯಾಹ್ನವೆಲ್ಲ ಕಿಟಕಿಯಿಂದ ಚೌಕಗಳನ್ನು ನೋಡುತ್ತ ಕೂರುವುದು, ಕ್ಯಾಮೆರಾ ನನ್ನನ್ನು ನೋಡುತ್ತ ಕೂರುವುದು. ಅನ್ನ ಸೇರದೆ ಸೊರಗಿದೆ. ಸುಮ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿಸಿದಳು.

ಅದೇ ಹೊತ್ತಿಗೆ ಕಲ್ಯಾಣದುರ್ಗದಿಂದ ನನ್ನ ತಂಗಿಯ ಮಗಳು ಸುಜಾತ ಕರೆದಳು. ಅವಳು ಅಲ್ಲಿಯ ಒಬ್ಬ ವಕೀಲರ ಹತ್ತಿರ ಜೂನಿಯರ್. ಬಿಡುವಿದ್ದಾಗ ಗೆಳತಿಯರ ಜೊತೆ ಊರೂರು ತಿರುಗಿ ಒಂದು ಅರ್ಜಿಗೆ ಸಹಿ ಹಾಕಿಸುತ್ತಾಳೆ. ಬೀದಿಯಲ್ಲಿ ಕ್ಯಾಮೆರಾ ಇಡುವುದು, ಮುಖ ಗುರುತು ಹಿಡಿಯುವುದು, ಫೋನಿನಲ್ಲಿರುವ ನಮ್ಮ ವಿವರ ತೆಗೆದುಕೊಳ್ಳುವುದು, ಇವಕ್ಕೆ ಸರ್ಕಾರ ಕಾನೂನು ಮಾಡುವಾಗ ಯಾರು ನೋಡಬಹುದು, ಎಲ್ಲಿಯವರೆಗೆ ಇಟ್ಟುಕೊಳ್ಳಬಹುದು, ಯಾವಾಗ ಅಳಿಸಲೇಬೇಕು ಎಂಬುದನ್ನು ಕಾನೂನಿನಲ್ಲೇ ಬರೆಯಬೇಕು ಎನ್ನುವ ಅರ್ಜಿ. ಹವಾ ಬದಲಾಗಲಿ ಎಂದು ಸುಮ ನನ್ನನ್ನು ಬಸ್ಸು ಹತ್ತಿಸಿದಳು.

ಸುಜಾತ ನನ್ನನ್ನೂ ಹೆಂಗಸರ ಒಂದು ಸಭೆಗೆ ಎಳೆದುಕೊಂಡು ಹೋದಳು. ನಾನು ಅಭ್ಯಾಸದಂತೆ ಕಂಬದ ಹಿಂದೆ ಕೂತೆ. ಅವಳು ಕನ್ನಡದಲ್ಲೂ ತೆಲುಗಿನಲ್ಲೂ ಚೆನ್ನಾಗಿಯೇ ಹೇಳಿದಳು. ಆದರೆ ಮುಂದೆ ಕೂತಿದ್ದ ಒಬ್ಬಾಕೆ, ‘ಮನ ದಗ್ಗರ ಏಮುಂದಮ್ಮಾ ದಾಚಿಪೆಟ್ಟೇದಾನಿಕಿ? ಮುಚ್ಚಿಡೋಕೆ ನಮ್ಮತ್ರ ಏನೈತೆ?’ ಎಂದಳು. ಎಲ್ಲರೂ ತಲೆದೂಗಿದರು. ನನ್ನತ್ರ ಐತೆ ಕಣಮ್ಮ ಎನ್ನಲು ಬಾಯಿ ತೆರೆದೆ. ಏನು ಎಂದು ಕೇಳಿದರೆ ಕುಂಟಾಬಿಲ್ಲೆ ಎನ್ನಬೇಕಲ್ಲ ಎಂದು ಮುಚ್ಚಿದೆ. ಅರ್ಜಿ ನನ್ನ ಮುಂದೆ ಬಂದಾಗ ಕನ್ನಡಕ ತಂದಿಲ್ಲ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಸುಜಾತ ಅದನ್ನು ನೋಡಿ ಅರ್ಜಿಯನ್ನು ಪಕ್ಕದವರಿಗೆ ಕೊಟ್ಟಳು.

ಊರಿಗೆ ಬಂದ ಮರುದಿನ ಮಧ್ಯಾಹ್ನ ಮಕ್ಕಳು ಹೊಸದಾಗಿ ಚೌಕ ಬರೆದಿದ್ದರು. ಎಷ್ಟು ಅಂದವಾಗಿದ್ದವೆಂದರೆ ನನಗೆ ತಡೆಯಲಾಗಲಿಲ್ಲ. ಹಳೇ ಸೀರೆಯೊಂದನ್ನು ತೆಗೆದುಕೊಂಡೆ, ಬಟ್ಟೆ ಒಣಹಾಕುವ ಕೋಲು ತೆಗೆದುಕೊಂಡೆ. ಎತ್ತರದ ತಂತಿಗೆ ಕೋಲಿನಿಂದ ಸೀರೆ ಏರಿಸಿ ಪಳಗಿದ ಕೈ ಇದು. ಕಂಬದ ಕೆಳಗೆ ನಿಂತು ಒಂದೇ ಏಟಿಗೆ ಕ್ಯಾಮೆರಾಗೆ ಹೊದಿಸಿದೆ. ಎಷ್ಟೋ ದಿನದ ಮೇಲೆ ಮನಸಾರೆ ಕುಂಟಿ, ಸೀರೆ ಇಳಿಸಿಕೊಂಡು ಒಳಗೆ ಬಂದೆ. ರಾತ್ರಿ ಅನ್ನ ಎರಡನೇ ಸಲ ಹಾಕಿಸಿಕೊಂಡೆ. ಸೀರೆ ಹೊದಿಸುವ ತನಕ ಕ್ಯಾಮೆರಾ ಕಣ್ಣು ಬಿಟ್ಟೇ ಇರುತ್ತದೆ ಎನ್ನುವುದು ಮಾತ್ರ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಭಾನುವಾರ ಚೌಡಪ್ಪ ತನ್ನ ಮನೆ ಮುಂದೆ ಸಂಘದ ಸಭೆ ಕರೆದ. ಟೀವಿಯನ್ನು ಜಗಲಿಗೆ ತಂದು ಫೋನು ಜೋಡಿಸಿದ್ದ. ಕ್ಯಾಮೆರಾ ಮುಚ್ಚಿದವರ ವಿಚಾರಣೆ ಎಂದು ಮೊದಲೇ ಸುದ್ದಿ ಹಬ್ಬಿತ್ತು. ಕಾನೂನು ಗೊತ್ತಿರುವವಳು ನಮ್ಮ ಮನೆತನದಲ್ಲಿ ಒಬ್ಬಳೇ ಎಂದು ಹಿಂದಿನ ದಿನವೇ ಸುಜಾತಳಿಗೆ ಫೋನು ಮಾಡಿ ಕರೆಸಿಕೊಂಡಿದ್ದೆ. ಯಾಕೆ ಎಂದು ಅವಳಿಗೂ ಪೂರ್ತಿ ಹೇಳಿರಲಿಲ್ಲ. ಟೀವಿ ಹಚ್ಚಿದರು. ಜೀವನವೆಲ್ಲ ಫೋಟೋದಿಂದ ತಪ್ಪಿಸಿಕೊಂಡ ನನ್ನ ಮುಖ, ಬಾಗಿಲಗಲ, ಬಾಯಿ ತೆರೆದುಕೊಂಡು, ಉಳಿದ ನಾಲ್ಕು ಹಲ್ಲೂ ಕಾಣುವ ಹಾಗೆ ಮೇಲೆ ನೋಡುತ್ತಿದೆ. ಆಮೇಲೆ ಸೀರೆ. ಆಮೇಲೆ ಕತ್ತಲು. ಬೀದಿಗೆ ಬೀದಿಯೇ ನಕ್ಕಿತು. ಭೂಮಿ ಬಾಯಿ ಬಿಡಲಿ ಎಂದು ಕಾದೆ, ಬಿಡಲಿಲ್ಲ.

ನಗು ನಿಂತ ಮೇಲೆ ಚೌಡಪ್ಪ ಕಂಡಕ್ಟರನ ದನಿಯಲ್ಲಿ ಕೇಳಿದ: “ರತ್ನಮ್ಮಕ್ಕ, ಮುಚ್ಚಿಡೋ ಅಂತದ್ದು ನಿಮ್ಮತ್ರ ಏನೈತೆ? ಹೇಳ್ಬುಡಿ, ಯಾರೂ ಏನೂ ಅನ್ಕಳಲ್ಲ.”

ಕುಂಟಾಬಿಲ್ಲೆ ಎಂದರೆ ಸತ್ತೆ. ಸುಳ್ಳು ಹೇಳಲು ಸಮಯವಿಲ್ಲ. ಕೋಲು ಎತ್ತಿದಾಗ ಕೈಗೆ ನೆನಪಾದದ್ದೇ ಬಾಯಿಗೂ ಬಂತು. ನಾನು ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ಗೊತ್ತಿಲ್ಲ.

“ಚೌಡಪ್ಪ, ನಿಮ್ಮಪ್ಪ ನಮ್ಮನೆಗೆ ಬಂದ್ರೆ ನಮ್ಮತ್ತೆ ಓಡೋಗಿ ಮಗ್ಗದ ಮೇಲೆ ಹಳೇ ಸೀರೆ ಹೊದಿಸೋರು. ನಾವೇನು ಕದ್ದ ನೂಲಲ್ಲಿ ನೇಯ್ತಿದ್ವೇನಪ್ಪ?”

ಇದು ನೇಯುವವರಿಗೆ ಹೇಳಿಕೊಡಬೇಕಾದ ಮಾತಲ್ಲ, ನಿಮಗೆ ಹೇಳುತ್ತೇನೆ. ಅಂಚಿಗೆ ಹೊಸ ಬುಟ್ಟದ ಚಿತ್ತಾರ ಹಾಕುತ್ತಿರುವಾಗ ಇನ್ನೊಂದು ಮನೆಯ ನೇಕಾರ ಬಂದರೆ ಮಗ್ಗ ಮುಚ್ಚುತ್ತಿದ್ದೆವು. ಸೀರೆ ಮುಗಿದ ಮೇಲೆ ಯಾರು ಬೇಕಾದರೂ ನೋಡಲಿ, ನೇಯುವ ತನಕ ಅದು ನಮ್ಮದು. ಬಂದವರಿಗೂ ಬೇಸರವಿಲ್ಲ. ಅವರ ಮನೆಗೆ ಹೋದರೆ ಅವರೂ ಮುಚ್ಚುತ್ತಿದ್ದರು.

ಚೌಡಪ್ಪ ತಲೆ ಕೆರೆದುಕೊಂಡ. ನ್ಯಾಯಸ್ಥನೇ, ಪಾಪ. “ನಮ್ಮಪ್ಪ ಮಗ್ಗಕ್ಕೆ ಬೆನ್ನು ಮಾಡ್ಕೊಂಡೇ ಕೂತ್ಕಂತಿದ್ದ,” ಅಂದ.

ಅವನ ಹೆಂಡತಿ ಗಂಗಮ್ಮ ಒಳಗಿನಿಂದಲೇ, “ಹಂಗಾದ್ರೆ ನಿನ್ನ ಕೆಮೆರಾಗೂ ಅಷ್ಟು ಮರ್ಯಾದೆ ಕಲ್ಸು,” ಎಂದಳು.

ಆಮೇಲೆ ಒಬ್ಬೊಬ್ಬರಿಗೂ ಬಾಯಿ ಬಂತು. ಮೂಲೆಮನೆಯವಳು ಅತ್ತಳು. ತನ್ನ ಮಗಳ ವಿಷಯ ಹೇಳಿ, ಇನ್ನು ಈ ಬೀದಿಗೆ ಗಂಡಿನವರನ್ನು ಕರೆಯುವುದಿಲ್ಲ ಎಂದಳು. ಯಾರೂ ನಗಲಿಲ್ಲ. ಚೌಡಪ್ಪನೇ ಟೀವಿ ಆರಿಸಿದ. ಆಗ ಸುಜಾತ, ಬೀದಿಯ ಒಂದು ಕಂಬದ್ದೇ ಇಷ್ಟಾದರೆ ಊರಿನ ಕಂಬಗಳಿಗೆಲ್ಲ ಕಾನೂನು ಬೇಡವೇ ಎಂದು ಚೀಲದಿಂದ ಅರ್ಜಿ ತೆಗೆದಳು. ಹೆಂಗಸರೇ ಪೆನ್ನು ಕಿತ್ತುಕೊಂಡರು. ನನ್ನ ಸರದಿ ಬಂದಾಗ ಅವಳು ಕಿವಿಯ ಹತ್ತಿರ, “ಸಿಕ್ಕಾಕೊಂಡ ಮೇಲೆ ಕನ್ನಡಕ ಸಿಕ್ತಾ ದೊಡ್ಡಮ್ಮ?” ಎಂದಳು. ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದೆ. ಅರ್ಜಿ ಸರ್ಕಾರಕ್ಕೆ ಹೋಗಿದೆ, ತಲುಪಿದೆ ಎಂದು ಒಂದು ಸಾಲು ಬಂದಿದೆಯಂತೆ. ಕಾನೂನು ಏನಾಗುತ್ತದೋ, ಸುಜಾತ ಇನ್ನೂ ಬಸ್ಸು ಹತ್ತಿ ಇಳಿಯುತ್ತಲೇ ಇದ್ದಾಳೆ. ನಮ್ಮ ಕ್ಯಾಮೆರಾ ಮಾತ್ರ ಅಂದೇ ಸಂಜೆ ನಮ್ಮ ಬಾಗಿಲುಗಳಿಗೆ ಬೆನ್ನು ಮಾಡಿ ಬೀದಿಯ ಬಾಯಿಯ ಕಡೆ ತಿರುಗಿತು. ಅದು ಕಂಡದ್ದು ಈಗ ಎಲ್ಲರ ಫೋನಿಗೆ ಬರುವುದಿಲ್ಲ. ಕಳ್ಳತನವಾದರೆ ಮಾತ್ರ ಸಂಘದವರು ಕೂತು ನೋಡಬೇಕು, ಇಲ್ಲದಿದ್ದರೆ ವಾರಕ್ಕೊಮ್ಮೆ ಅಳಿಸಬೇಕು. ನನಗಾದ ನಿರಾಳ ಹೇಳತೀರದು. ಜೀರಿಗೆ ಕಷಾಯವೂ ನಿಂತಿತು.

ಮರುದಿನ ಮಧ್ಯಾಹ್ನ ಸೆರಗು ಸಿಕ್ಕಿಸಿ ಇಳಿದೆ. ಮೂರನೇ ಚೌಕದಲ್ಲಿ ಒಂಟಿ ಕಾಲಲ್ಲಿರುವಾಗ ಎದುರು ಬಾಗಿಲು ತೆರೆದು ಗಂಗಮ್ಮ ಬಂದಳು. ನಾನು ಕೊಕ್ಕರೆಯ ಹಾಗೆ ನಿಂತೇಬಿಟ್ಟೆ.

“ಕಾಲು ಊರ್ಬ್ಯಾಡಕ್ಕ, ಔಟಾಗ್ತೀಯ,” ಅಂದಳು. ವರ್ಷಗಳಿಂದ ತನ್ನ ಕಿಟಕಿಯಿಂದ ನೋಡುತ್ತಿದ್ದಳಂತೆ. ಗಂಡನಿಗೂ ಹೇಳಿರಲಿಲ್ಲ. “ಮುಗಿಸು, ಆಮೇಲೆ ನಂದೊಂದಾಟ.”

ಈಗ ದಿನಾ ಇಬ್ಬರೂ ಆಡುತ್ತೇವೆ. ಎಲ್ಲ ಸುಖವಾಗಿದೆ, ಒಂದೇ ತೊಂದರೆ. ಗಂಗಮ್ಮ ಗೆರೆ ತುಳಿಯುತ್ತಾಳೆ. ನಿನ್ನೆ ಐದನೇ ಚೌಕದಲ್ಲಿ ಹಿಮ್ಮಡಿ ಪೂರ್ತಿ ಗೆರೆಯ ಮೇಲಿತ್ತು, ನನ್ನ ಈ ಕಣ್ಣಾರೆ ನೋಡಿದೆ. ಕೇಳಿದರೆ ‘ಎಲ್ಲಿ ತುಳ್ದೆ, ತೋರ್ಸು’ ಎಂದು ದಬಾಯಿಸಿ ಗೆದ್ದು ಹೋದಳು. ನನ್ನತ್ರ ಸಾಕ್ಷಿ ಎಲ್ಲಿದೆ? ಹೆಂಚಿನ ಚೂರು ಹಿಡಿದುಕೊಂಡು ಕಂಬದ ಮೇಲಿನ ಕ್ಯಾಮೆರಾ ಕಡೆ ನೋಡಿದೆ. ಅದು ಮರ್ಯಾದಸ್ಥರ ಹಾಗೆ ನನಗೆ ಬೆನ್ನು ಮಾಡಿ ಕೂತಿತ್ತು.